ಇಲಿ ಇಲ್ಲದೆ ನ್ಯಾನೋ ಔಷಧಿ ಪರೀಕ್ಷೆ: ನಂಬಬಹುದಾ?

ಪ್ರಶ್ನೆ: ಮೇಡಂ, ನನ್ನ ಮಗಳು ಬಯೋಟೆಕ್ ಓದುತ್ತಿದ್ದಾಳೆ. ಇನ್ನು ಮುಂದೆ ನ್ಯಾನೋ ಔಷಧಿಗಳನ್ನು ಇಲಿ, ಮೊಲಗಳಿಗೆ ಚುಚ್ಚದೆಯೇ ಪರೀಕ್ಷೆ ಮಾಡಬಹುದು ಅನ್ನುತ್ತಾಳೆ. ಪಾಪ, ಪ್ರಾಣಿಗಳು ಉಳಿದರೆ ನನಗೂ ಖುಷಿಯೇ. ಆದರೆ ನಮ್ಮ ಅಕ್ಕನಿಗೆ ಕ್ಯಾನ್ಸರ್‌ಗೆ ಕೊಡುತ್ತಿರುವ ಡಾಕ್ಸೊರುಬಿಸಿನ್ ಇಂಜೆಕ್ಷನ್ ಕೂಡ ನ್ಯಾನೋ ಅಂತೆ. ಲ್ಯಾಬಿನ ತಟ್ಟೆಯಲ್ಲಿ ನೋಡಿ ‘ಸರಿ ಇದೆ’ ಅಂದರೆ ಸಾಕಾ?
– ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಮೊದಲು ಅಕ್ಕನ ವಿಷಯ. ಡಾಕ್ಸೊರುಬಿಸಿನ್ ಅನ್ನು ನ್ಯಾನೋ, ಅಂದರೆ ಕಣ್ಣಿಗೆ ಕಾಣದಷ್ಟು ಪುಟ್ಟ, ಕೊಬ್ಬಿನ ಗುಳ್ಳೆಯೊಳಗೆ ತುಂಬಿದ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದು ಬರೀ ತಟ್ಟೆಯಲ್ಲಿ ನೋಡಿ ಬಂದ ಔಷಧಿ ಅಲ್ಲ, ಪ್ರಾಣಿಗಳ ಮೇಲೂ ಆಮೇಲೆ ರೋಗಿಗಳ ಮೇಲೂ ಪರೀಕ್ಷೆಯಾಗಿಯೇ ಬಂದಿದೆ. ಡ್ರಿಪ್ ಹಾಕುವಾಗ ಮುಖ ಕೆಂಪಾದರೆ, ಎದೆ ಬಿಗಿದಂತಾದರೆ ತಕ್ಷಣ ನರ್ಸ್‌ಗೆ ಹೇಳಲಿ. ಈ ರಿಯಾಕ್ಷನ್ ಬರುವುದು ಕೆಲವರಿಗೆ ಮಾತ್ರ. ಹಂದಿಗಳಿಗಾದರೆ ತುಂಬಾ ಕಡಿಮೆ ಡೋಸ್‌ಗೇ ಜೋರಾಗಿ ಬರುತ್ತದೆ. ಪ್ರಾಣಿಗೆ ಆದದ್ದೆಲ್ಲ ನಮಗೂ ಹಾಗೆಯೇ ಆಗುತ್ತದೆ ಅಂತೇನಿಲ್ಲ, ಅಲ್ವಾ?

ಮಗಳು ಹೇಳಿದ್ದರಲ್ಲೂ ನಿಜ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಿಗಳ ನಿಯಮ ತಿದ್ದಿ, ಮನುಷ್ಯರ ಜೀವಕೋಶ, ಚಿಪ್ (ಪುಟ್ಟ ಪಾರದರ್ಶಕ ತುಂಡು) ಮೇಲೆ ಅಂಗದ ಹಾಗೆ ಕೆಲಸ ಮಾಡಲು ಬೆಳೆಸಿದ ಕೋಶಗಳು, ಕಂಪ್ಯೂಟರ್ ಮಾದರಿ ಇಂಥವನ್ನೂ ಒಪ್ಪಿತು. ಪ್ರಾಣಿ ಪ್ರಯೋಗ ನಿಲ್ಲಿಸಿ ಅಂತ ಮಾತ್ರ ಹೇಳಿಲ್ಲ.

ನನಗೆ ತಲೆನೋವು ಅನ್ನಿಸುವುದು ಬೇರೆಯೇ. ನ್ಯಾನೋ ಕಣ ಪರೀಕ್ಷೆಯನ್ನೇ ಯಾಮಾರಿಸುತ್ತದೆ! ಎಲ್ಲ ಲ್ಯಾಬ್‌ಗಳಲ್ಲೂ ಮಾಡುವ ಎಂಟಿಟಿ ಟೆಸ್ಟನ್ನೇ ನೋಡಿ. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶ ಬೆಳೆಸಿ, ಔಷಧಿ ಹಾಕಿ, ಆಮೇಲೆ ಹಳದಿ ಬಣ್ಣದ ಒಂದು ದ್ರಾವಣ ಬಿಡುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಜಾಸ್ತಿ ಇದ್ದಷ್ಟೂ ಬದುಕಿರುವ ಕೋಶ ಜಾಸ್ತಿ ಅಂತ ಲೆಕ್ಕ. ಆದರೆ ಕಾರ್ಬನ್ ನ್ಯಾನೋಟ್ಯೂಬ್‌ಗಳು ಆ ನೇರಳೆ ಹರಳುಗಳನ್ನೇ ಹಿಡಿದಿಟ್ಟುಕೊಳ್ಳುವುದರಿಂದ, ಕೋಶಗಳು ಚೆನ್ನಾಗಿಯೇ ಇದ್ದರೂ ಸತ್ತಿವೆ ಅಂತ ರಿಸಲ್ಟ್ ಬರುತ್ತದೆ. ಚಿನ್ನದ ಕಣಗಳಿಗಂತೂ ತಮ್ಮದೇ ಬಣ್ಣ ಇದೆ, ಮೆಷಿನ್ ಅದನ್ನೂ ಸೇರಿಸಿ ಓದಿಬಿಡಬಹುದು. ಹಾಗಾಗಿ ಕೋಶವೇ ಇಲ್ಲದೆ ಬರೀ ಕಣ ಮತ್ತು ಬಣ್ಣ ಹಾಕಿದ ಗುಳಿಗಳನ್ನೂ ಇಡಲೇಬೇಕು. ಇದನ್ನು ಬಿಟ್ಟ ವರದಿ ಕೈಗೆ ಬಂದರೆ ನಾನು ಮುಂದಕ್ಕೆ ಓದುವುದೇ ಇಲ್ಲ.

ಬ್ಯಾಕ್ಟೀರಿಯಾದ ವಿಷ ಅಂಟಿದೆಯೇ ಅಂತ ನೋಡುವ ಟೆಸ್ಟಿನಲ್ಲೂ ಇದೇ ಕಾಟ. (ಅದಕ್ಕೆ ಎಷ್ಟೋ ಕಾಲದಿಂದ ಬಳಸುತ್ತಿರುವುದು ಹಾರ್ಸ್‌ಶೂ ಏಡಿಯ ನೀಲಿ ರಕ್ತ. ಅದಕ್ಕೂ ಮೊದಲು ಮೊಲಕ್ಕೆ ಚುಚ್ಚಿ ನೋಡುತ್ತಿದ್ದರು. ಮೊಲ ಉಳಿಯಿತು, ಏಡಿ ಸಿಕ್ಕಿಕೊಂಡಿತು!) ಇನ್ನೊಂದು ವಿಷಯ. ರಕ್ತಕ್ಕೆ ಬಿದ್ದ ಕೂಡಲೇ ಕಣಕ್ಕೆ ಪ್ರೋಟೀನ್ ಮೆತ್ತಿಕೊಂಡು ಅದರ ವೇಷವೇ ಬದಲಾಗುತ್ತದೆ. ಅದಕ್ಕೇ ದಾನಿಗಳ ರಕ್ತದಲ್ಲಿ ಕಲಸಿ ನೋಡುವುದು. ಗಿರ್ರನೆ ತಿರುಗಿಸಿದ ಮೇಲೆ ಮೇಲಿನ ತಿಳಿ ಕೆಂಪಾಗಿದ್ದರೆ ರಕ್ತಕಣ ಒಡೆದಿವೆ ಅಂತ ಅರ್ಥ.

ಚಿಪ್‌ಗಳ ಬಗ್ಗೆ ನನಗೆ ಆಸೆ ಇದೆ. 2010ರಲ್ಲಿ ಹಾರ್ವರ್ಡ್‌ನವರು ಶ್ವಾಸಕೋಶದ ಚಿಪ್ ಮಾಡಿ, ಉಸಿರಾಡುವ ಹಾಗೆ ಅದನ್ನು ಹಿಗ್ಗಿಸಿ ಕುಗ್ಗಿಸಿದರು. ಆಗ ಸಿಲಿಕಾ ನ್ಯಾನೋ ಕಣಗಳ ಉರಿಯೂತ ಇನ್ನೂ ಹೆಚ್ಚಾಯಿತು. ಅಲುಗಾಡದ ತಟ್ಟೆಯಲ್ಲಿ ಇದು ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಲಿವರ್‌ನಲ್ಲಿ ಕಣ ತಿಂಗಳುಗಟ್ಟಲೆ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಚಿಪ್ ಸಾಲದು. ಸದ್ಯಕ್ಕೆ ಇಲಿಗೆ ಪೂರ್ತಿ ರಜೆ ಇಲ್ಲ.

ನಿಮ್ಮ ಮನೆ ಹತ್ತಿರದ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೇ (ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿ) ನ್ಯಾನೋ ವಿಜ್ಞಾನ ಕೇಂದ್ರ ಇದೆ. ಓಪನ್ ಡೇ ಇಟ್ಟಾಗ ಮಗಳನ್ನು ಕರೆದುಕೊಂಡು ಹೋಗಿ. ಕಾರು ಬೇಡ, ಆಟೋ ಹಿಡಿಯಿರಿ. ಯಾರಾದರೂ ‘ನಮ್ಮ ಕಣ ಸೇಫ್’ ಅಂದರೆ, ಕೋಶವಿಲ್ಲದ ಗುಳಿಯ ರೀಡಿಂಗ್ ಎಷ್ಟು ಬಂತು ಅಂತ ಅವಳು ಕೇಳಲಿ.