ಸೊಳ್ಳೆ ಹಿಡಿದರೆ ಹೊಟ್ಟೆ ತುಂಬುತ್ತಾ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದಾಳೆ. ಬ್ಯಾಂಕ್ ಪರೀಕ್ಷೆ ಬರಿ ಅಂದರೆ, ಸೊಳ್ಳೆಗಳ ಮೇಲೆ ಸಂಶೋಧನೆ ಮಾಡ್ತೀನಿ ಅಂತಾಳೆ. ನೆಂಟರೆಲ್ಲ ನಗುತ್ತಿದ್ದಾರೆ. ನೀವಾದರೂ ಬುದ್ಧಿ ಹೇಳಿ."

ಸಂಪಾದಕರ ಉತ್ತರ:

ಬುದ್ಧಿ ಹೇಳೋಕೆ ಮುಂಚೆ ಇನ್ನೊಬ್ಬ ಅಪ್ಪ–ಮಗನ ಕತೆ ಕೇಳಿ ಸ್ವಾಮಿ. ಮಲೇರಿಯಾದ ಗುಟ್ಟು ಬಿಡಿಸಿದ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್‌ಗೆ ಕವಿಯಾಗುವ ಹುಚ್ಚು. ಸೇನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅಪ್ಪ ಹಟ ಹಿಡಿದು ಡಾಕ್ಟರಿಕೆಗೆ ತಳ್ಳಿದರು. ಓದಿನಲ್ಲಿ ಅಷ್ಟಕ್ಕಷ್ಟೇ. ಹೇಗೋ 1881ರಲ್ಲಿ ಬ್ರಿಟಿಷ್ ಇಂಡಿಯಾದ ಸೇನಾ ವೈದ್ಯರ ಪಡೆ, ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು.

ಸೊಳ್ಳೆ ಅವರ ತಲೆಗೆ ಹೊಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. 1883ರಲ್ಲಿ ಇಲ್ಲಿ ಸೇನಾ ವೈದ್ಯರಾಗಿದ್ದಾಗ ಬಂಗಲೆಯಲ್ಲಿ ವಿಪರೀತ ಸೊಳ್ಳೆ ಕಾಟ. ನೋಡಿದರೆ ಕಿಟಕಿ ಪಕ್ಕದ ಪೀಪಾಯಿ ನೀರಲ್ಲಿ ಮರಿಗಳು ಕುಣಿಯುತ್ತಿದ್ದವು. ನೀರು ಚೆಲ್ಲಿದರು, ಕಾಟ ಇಳಿಯಿತು. ಮೆಸ್ಸಿನಲ್ಲೂ ಹೀಗೇ ಮಾಡೋಣ ಅಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ದೇವರು ಸೊಳ್ಳೆಯನ್ನು ಸುಮ್ನೆ ಸೃಷ್ಟಿಸಿಲ್ಲ ಅನ್ನೋದು ಆತನ ವಾದ!

ಮಲೇರಿಯಾಕ್ಕೂ ಸೊಳ್ಳೆಗೂ ನಂಟಿರಬಹುದು ಅಂತ ರಾಸ್‌ಗೆ ದಾರಿ ತೋರಿಸಿದ್ದು 1894ರಲ್ಲಿ ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್. ಆಮೇಲೆ ಸಿಕಂದರಾಬಾದ್. ಆಗಸ್ಟ್ ಸೆಕೆ. ಪಂಖ ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತೆ, ಹಾಗಾಗಿ ಗಾಳಿಯೂ ಇಲ್ಲ. ಬೆವರಿಗೆ ಸೂಕ್ಷ್ಮದರ್ಶಕದ ಸ್ಕ್ರೂ ತುಕ್ಕು ಹಿಡಿದಿತ್ತು. ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಗೊಂದಾಣೆ ಕೊಟ್ಟು ಕಚ್ಚಿಸಿದ್ದರು. (ಈಗಿನ ಕಾಲದಲ್ಲಾದರೆ ಕೇಸು ಬೀಳುತ್ತಿತ್ತು.) 1897ರ ಆಗಸ್ಟ್ 20ರಂದು, ಅವನ ರಕ್ತ ಕುಡಿದು ನಾಲ್ಕು ದಿನವಾಗಿದ್ದ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಒಳಗೆ ಮಲೇರಿಯಾ ಜೀವಿಯದೇ ಕಪ್ಪು ಕಣಗಳು. ಅಂದರೆ ಆ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು.

ಬಹುಮಾನವಾಗಿ ಸಿಕ್ಕಿದ್ದು ವರ್ಗಾವಣೆ! ಮುಂದಿನ ತಿಂಗಳೇ ರಾಜಪುತಾನಾದ ಖೇರ್ವಾಡಾಕ್ಕೆ. ಅಲ್ಲಿ ಮಲೇರಿಯಾ ರೋಗಿಗಳೇ ಇಲ್ಲ. 1898ರಲ್ಲಿ ಕಲ್ಕತ್ತೆಗೆ ಹೋದ ಮೇಲೆ ಹಕ್ಕಿಗಳ ಮಲೇರಿಯಾ ಸೊಳ್ಳೆ ಕಚ್ಚಿಯೇ ಹರಡುತ್ತೆ ಅಂತ ತೋರಿಸಿ ಕೆಲಸ ಮುಗಿಸಿದರು. ಅಲ್ಲಿ ಜೊತೆಗೆ ದುಡಿದ ಮಹಮ್ಮದ್ ಬಕ್ಷ್ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ? ಮನುಷ್ಯರ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದ ಹರಡುವುದನ್ನು ಸಾಬೀತು ಮಾಡಿದ್ದು ಇಟಲಿಯವರು. 1902ರ ನೊಬೆಲ್ ಮಾತ್ರ ರಾಸ್ ಒಬ್ಬರಿಗೇ ಬಂತು. ಜಗಳ ಜೋರಾಗೇ ನಡೆಯಿತು.

ಈಗ ನಿಮ್ಮ ಚಿಂತೆಗೆ ಬರೋಣ. ರಾಸ್‌ಗೆ ಸೇನೆಯ ಸಂಬಳವಿತ್ತು, ಸೊಳ್ಳೆ ಬಿಡುವಿನ ಕೆಲಸ. ಈಗ ಹಾಗಲ್ಲ. ನೆಟ್ ಅನ್ನೋ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ, ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್ಪಾದ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತೆ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದಲ್ಲಿ ಸೊಳ್ಳೆಗಳದ್ದೇ ಕೆಲಸ. ಕಾಯಂ ನೌಕರಿ ಮಾತ್ರ ತಡ, ಅದನ್ನು ಮುಚ್ಚಿಡಲ್ಲ. ಬ್ಯಾಂಕ್ ಪರೀಕ್ಷೆಗೂ ಅರ್ಜಿ ಹಾಕಿಸಿ, ಬೇಡ ಅನ್ನಲ್ಲ. ನೆಟ್ ಫೀ ಮಾತ್ರ ಈ ವಾರವೇ ಕಟ್ಟಿಬಿಡಿ.