ಕಣಿವೆಯಲ್ಲಿ ಕಲ್ಲಿನ ಕಟ್ಟು

ಪ್ರಶ್ನೆ: 1809ರಲ್ಲಿ ಆಲ್ಪ್ಸ್ ಬೆಟ್ಟಸೀಮೆಯಾದ ಟಿರೋಲ್‌ನ ರೈತರು ಗುಡ್ಡದಿಂದ ಬಂಡೆ ಉರುಳಿಸಿ ನೆಪೋಲಿಯನ್ನನ ಸೈನ್ಯವನ್ನು ತಡೆದರಂತೆ. ಬರೀ ಕಲ್ಲಿನಿಂದ ಅದು ಆಗುವ ಮಾತೇ?
– ಓದುಗರು, ಮೂಡಿಗೆರೆ

ಉತ್ತರ: ಬರೀ ಕಲ್ಲಿನಿಂದ ಆಗದು. ಕಲ್ಲಿನ ಕೆಲಸ ದಂಡನ್ನು ದಾರಿಯಲ್ಲೇ ನಿಲ್ಲಿಸುವುದು, ಉಳಿದದ್ದು ಕೋವಿಯದು.

ಆಗಸ್ಟ್ 4-5ರಂದು ನೆಪೋಲಿಯನ್ನನ ಸೇನಾಪತಿ ಮಾರ್ಷಲ್ ಲಫೆವ್ರನ ಮುಂಪಡೆ, ಅದರಲ್ಲೂ ಜರ್ಮನ್ ನಾಡಿನ ಸ್ಯಾಕ್ಸನ್ ಸಿಪಾಯಿಗಳು, ಸ್ಟರ್ಟ್ಸಿಂಗ್‌ನಿಂದ ಬ್ರಿಕ್ಸನ್ ಕಡೆಗೆ ಐಸಾಕ್ ಕಣಿವೆಗಿಳಿದರು. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಕಡಿದಾದ ಇಳಿಜಾರು. ರೈತರು ಇಳಿಜಾರಿಗೆ ಅಡ್ಡಲಾಗಿ ಮರದ ದಿಮ್ಮಿ ಜೋಡಿಸಿ, ಹಗ್ಗದಿಂದ ಬಿಗಿದು, ಅದರ ಮೇಲೆ ಕಲ್ಲು ಪೇರಿಸುತ್ತಿದ್ದರು. ಕೊಡಲಿಯಿಂದ ಹಗ್ಗ ಕಡಿದರೆ ದಿಮ್ಮಿ, ಕಲ್ಲು ಎಲ್ಲ ಒಟ್ಟಿಗೆ ರಸ್ತೆಗೆ. ಕಷ್ಟವಿರುವುದು ಹೊತ್ತು ನೋಡುವುದರಲ್ಲಿ. ಬೇಗ ಕಡಿದರೆ ಮುಂದಿನ ನಾಲ್ಕು ಜನ ಸಿಕ್ಕಿ, ಹಿಂದಿನವರೆಲ್ಲ ಎಚ್ಚೆತ್ತು ಮರಳುತ್ತಾರೆ. ಒಮ್ಮೆ ಬಿಟ್ಟ ಕಟ್ಟನ್ನು ಗುಂಡಿನ ನಡುವೆ ಮತ್ತೆ ಕಟ್ಟಲಾಗದು. ಅದಕ್ಕೇ ಸೇತುವೆಗಳನ್ನೂ ಕೆಡವಿ, ರಸ್ತೆಗೆ ಮರ ಬೀಳಿಸಿರುತ್ತಿದ್ದರು. ಕೊನೆಗೆ ಅದೇ ಕಣಿವೆಯ ಒಬೆರಾವುವಿನಲ್ಲಿ ಸಿಕ್ಕಿಬಿದ್ದ ನೂರಾರು ಸಿಪಾಯಿಗಳು ಸೆರೆಯಾದರು. ಆ ಜಾಗಕ್ಕೆ ಇಂದಿಗೂ ಸ್ಯಾಕ್ಸನ್ನರ ಹೆಸರೇ ಇದೆ.

ರೈತರ ಬಳಿಯಿದ್ದದ್ದು ನಳಿಕೆಯೊಳಗೆ ಸುರುಳಿಗೆರೆ ಕೊರೆದ ಬೇಟೆ ರೈಫಲ್. ಸೈನಿಕರ ನುಣುಪು ನಳಿಕೆಯ ಕೋವಿ, ಅಂದರೆ ಮಸ್ಕೆಟ್, ನೂರು ಮೀಟರ್ ದಾಟಿದರೆ ಗುರಿ ತಪ್ಪುತ್ತದೆ. ರೈಫಲ್ ಅದರ ಇಮ್ಮಡಿ ದೂರಕ್ಕೂ ಸರಿ. ಆದರೆ ಗುಂಡನ್ನು ಬಿಗಿಯಾಗಿ ಗುದ್ದಿ ಇಳಿಸಬೇಕು, ಹೊತ್ತು ಹಿಡಿಯುತ್ತದೆ, ತುದಿಗೆ ಸಾಮಾನ್ಯವಾಗಿ ಇರಿಯುವ ಬಯೊನೆಟ್ಟೂ ಇರುವುದಿಲ್ಲ. ಬಂಡೆಯ ಮರೆಯಲ್ಲಿ ಇವು ಕೊರತೆಯಲ್ಲ, ಬಯಲಿಗಿಳಿದರೆ ಪ್ರಾಣಕ್ಕೇ ಕುತ್ತು.

ಪ್ರಶ್ನೆ: ಹಾಗಿದ್ದೂ ಸೋತದ್ದೇಕೆ?

ಉತ್ತರ: 1511ರ ಶಾಸನದ ಪ್ರಕಾರ ಟಿರೋಲಿಗರು ತಮ್ಮ ನಾಡನ್ನು ಕಾಯಬೇಕು, ಹೊರಗೆ ಹೋಗಿ ಕಾದಾಡಬೇಕಿಲ್ಲ; ಅಪಾಯ ನೋಡಿ 20,000 ಜನರವರೆಗೂ ಕರೆಯಬಹುದಿತ್ತು. ಇಂಥ ದಂಡನ್ನು ತಿಂಗಳುಗಟ್ಟಲೆ ಕೂಡಿಸಿಡುವುದು ಕಷ್ಟ, ಹೊಲ-ಹಟ್ಟಿ ಕಾಯುತ್ತವೆ. ಆಗಸ್ಟ್ 13ರಂದು ಇನ್ಸ್‌ಬ್ರುಕ್ ಬಳಿಯ ಬೆರ್ಗಿಝೆಲ್ ಗುಡ್ಡದಲ್ಲಿ ರೈತರ ನಾಯಕ ಆಂಡ್ರಿಯಾಸ್ ಹೋಫರ್ ಗೆದ್ದ. ನೆಪೋಲಿಯನ್ನನೊಡನೆ ಮಾಡಿಕೊಂಡ ಅಕ್ಟೋಬರ್ 14ರ ಷೋನ್‌ಬ್ರುನ್ ಒಪ್ಪಂದದಲ್ಲಿ ಆಸ್ಟ್ರಿಯಾವೇ ಟಿರೋಲಿಗರ ಕೈಬಿಟ್ಟಿತು. ನವೆಂಬರ್ 1ರಂದು ಅದೇ ಗುಡ್ಡದಲ್ಲಿ ಕೆಲವೇ ಗಂಟೆಗಳಲ್ಲಿ ಸೋಲು. 1810ರ ಫೆಬ್ರವರಿ 20ರಂದು ಇಟಲಿಯ ಮಾಂಟುವಾದಲ್ಲಿ ಹೋಫರ್‌ಗೆ ಗುಂಡಿಕ್ಕಿದರು.