ಭೇದಿ ನಿಲ್ಲಿಸುವ ಮಾತ್ರೆ ಮಗುವಿಗೆ ಕೊಡಬಹುದಾ?

ಕಾಸರಗೋಡು ಜಿಲ್ಲೆಯ ಪೆರ್ಲದ ಓದುಗರೊಬ್ಬರು ಬರೆದಿದ್ದಾರೆ: ‘ಪಕ್ಕದ ಮನೆಯ ಎಂಟು ತಿಂಗಳ ಮಗುವಿಗೆ ಭೇದಿಯಾಗಿ, ಆಮೇಲೆ ವಾಂತಿ ಶುರುವಾಯಿತು. ಮಂಗಳೂರಿನಲ್ಲಿ ನೋಡಿದವರು ಕರುಳೊಳಗೆ ಕರುಳು ಹೊಕ್ಕಿದೆ ಎಂದರಂತೆ. ನನ್ನ ಎರಡು ವರ್ಷದ ಮಗನಿಗೂ ಆಗಾಗ ಭೇದಿಯಾಗುತ್ತದೆ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡಬಹುದಾ? ನಮ್ಮದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ಅದನ್ನೂ ಕುದಿಸಬೇಕಾ?’

ಮಾತ್ರೆ ಬೇಡ. ಅರ್ಧವೂ ಬೇಡ, ಕಾಲೂ ಬೇಡ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಲೊಪೆರಮೈಡ್ ಕರುಳಿನ ಓಟವನ್ನೇ ತಗ್ಗಿಸುತ್ತದೆ. ಭೇದಿ ನಿಂತ ಹಾಗೆ ಕಾಣುತ್ತದೆ, ರೋಗಾಣು ಮಾತ್ರ ಒಳಗೇ ಇರುತ್ತದೆ. ಚಿಕ್ಕ ಮಕ್ಕಳಲ್ಲಿ ಕರುಳು ಪೂರ್ತಿ ನಿಶ್ಚಲವಾಗಿ ಹೊಟ್ಟೆ ಉಬ್ಬಿಬಿಡಬಹುದು. ನೀವು ಹೆದರಿದ ಕರುಳಿನ ತಡೆಯನ್ನು ನೀವೇ ತಂದುಕೊಂಡ ಹಾಗೆ, ಅಲ್ವಾ?

ಕೊಡಬೇಕಾದ್ದು ಓಆರ್‌ಎಸ್ (ಸಕ್ಕರೆ-ಉಪ್ಪಿನ ಪುಡಿ ಕರಗಿಸಿದ ನೀರು), ಜೊತೆಗೆ ಡಾಕ್ಟರು ಹೇಳಿದ ಹಾಗೆ ಝಿಂಕ್. ನಿಮ್ಮ ಮಗನ ವಯಸ್ಸಿಗೆ ಅದು ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ಮೊದಲೇ ನಿಂತರೂ ಮುಂದುವರಿಸಿ. ಗಂಜಿ ತಿಳಿ, ಪುನರ್ಪುಳಿ ಸಾರು ಕೊಡಿ, ಆದರೆ ಓಆರ್‌ಎಸ್ ಬದಲಿಗೆ ಅಲ್ಲ.

ಇನ್ನು ಆ ಮಗುವಿನ ವಿಷಯ. ಹೊಟ್ಟೆಯ ಸೋಂಕಾದಾಗ ಕರುಳಿನ ಗೋಡೆಯ ಗ್ರಂಥಿಗಳು ಊದಿಕೊಳ್ಳುತ್ತವೆ. ಅಪರೂಪಕ್ಕೆ ಆ ಊದಿದ ಭಾಗವನ್ನು ಮುಂದಿನ ಕರುಳು, ಅಂಗಿಯ ತೋಳು ಒಳಮಡಿಚಿದ ಹಾಗೆ, ತನ್ನೊಳಗೆ ಎಳೆದುಕೊಳ್ಳುತ್ತದೆ. ಮೂರು ತಿಂಗಳಿಂದ ಮೂರು ವರ್ಷದೊಳಗೆ ಇದು ಜಾಸ್ತಿ. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ. ಮಗು ಕಾಲು ಮಡಚಿ ಚೀರುತ್ತದೆ, ಸುಮ್ಮನಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಚೀರುತ್ತದೆ. ನಡುವೆ ಸುಮ್ಮನಿದ್ದದ್ದು ನೋಡಿ ಮೋಸ ಹೋಗುವವರೇ ಹೆಚ್ಚು. ಆಮೇಲೆ ಮಂಕಾಗುತ್ತದೆ. ಹಸಿರು ವಾಂತಿ, ರಕ್ತ ಬೆರೆತ ಲೋಳೆ ಮಲ ಕಂಡರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ರಾತ್ರಿ ಸಾರಡ್ಕದ ಗಡಿ ದಾಟಿ ಹೋಗುವುದು ಕಷ್ಟ, ಬೆಳಗಾಗಲಿ ಅನ್ನುತ್ತೇವೆ ನಾವು. ಬೇಗ ಹೋದರೆ ಸ್ಕ್ಯಾನ್ ಮಾಡಿ, ಗುದದ್ವಾರದಿಂದ ಗಾಳಿಯನ್ನೋ ನೀರನ್ನೋ ಹಾಯಿಸಿಯೇ ಹೆಚ್ಚಿನವರಿಗೆ ಸರಿಮಾಡುತ್ತಾರೆ. ತಡವಾದರೆ ಆಪರೇಶನ್.

ಸುರಂಗದ ನೀರು? ಗುಡ್ಡದೊಳಗೆ ತಣ್ಣಗೆ, ತಿಳಿಯಾಗಿ ಬರುತ್ತದೆ, ನಿಜ. ಆದರೆ ಅದು ಬಂದು ನಿಲ್ಲುವುದು ತೆರೆದ ಹೊಂಡದಲ್ಲಿ. ಮಳೆಗಾಲದಲ್ಲಿ ಅದಕ್ಕೆ ಏನೆಲ್ಲ ಸೇರುತ್ತದೆ ನೋಡಿದ್ದೀರಲ್ಲ. 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದವರ ಹೊಟ್ಟೆ ಕೆಡಿಸಿದ ಶಿಗೆಲ್ಲಾ ಎಂಬ ರೋಗಾಣು ನೀರಿನಲ್ಲೂ ಹರಡುತ್ತದೆ. ನೂರಕ್ಕಿಂತ ಕಡಿಮೆ ರೋಗಾಣು ಒಳಗೆ ಹೋದರೂ ಸಾಕು. ಹಾಗಾಗಿ ಕುದಿಸಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಮುಚ್ಚಿಡಿ, ಕೈ ಅದ್ದಿ ಲೋಟ ತುಂಬಬೇಡಿ.